ಪಿರಮಿಡ್ಡಿನ ಒಳಗೆ ಹೋಗದ ದಿನ

ನಾನು ಪಿರಮಿಡ್ಡಿನ ಒಳಗೆ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಜಿಪ್ಟಿನಿಂದ ತಿರುಗಿ ಬಂದು ಉಗಾರ ಖುರ್ದದ ಮನೆಯಲ್ಲಿ ಚೀಲ ಇಳಿಸಿದ ದಿನದಿಂದ, ಬಂದವರೆಲ್ಲ ಖರ್ಜೂರ ಬಾಯಿಗೆ ಹಾಕಿಕೊಂಡು ಕೇಳುವುದು ಅದನ್ನೇ. "ಒಳಗ ಹೆಂಗೈತ್ರಿ ಅಕ್ಕೋರ?" ನನಗೆ ಗೊತ್ತಿಲ್ಲ. ಒಳಗೆ ಹೋಗಿ ಬಂದವರು ನಮ್ಮ ಬಸ್ಸಿನ ತುಂಬ ಇದ್ದರು, ಅವರನ್ನು ಕೇಳಿ. ನನ್ನನ್ನು ಕೇಳಿದರೆ ಹೊರಗೆ ಏನಾಯಿತೆಂದು ಹೇಳುತ್ತೇನೆ. ಅದನ್ನೂ ಸಿಟ್ಟಿನಿಂದಲೇ ಹೇಳುತ್ತೇನೆ, ಯಾಕೆಂದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಾಗವಾಡದ ಕಡೆಯ ಕನ್ನಡ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವಳು ನಾನು. ಆರನೇ ಇಯತ್ತೆಯವರಿಗೆ ಪಿರಮಿಡ್ಡಿನ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಒಂದು ತ್ರಿಕೋಣ ಬರೆದು, ಅದರೊಳಗೆ ಒಂದು ಸಣ್ಣ ಚೌಕ ಬರೆದು, ಇದು ರಾಜನ ಕೋಣೆ ಎನ್ನುತ್ತಿದ್ದೆ. ಆ ಚೌಕಕ್ಕೆ ಹೋಗುವ ದಾರಿ ಎಷ್ಟು ಇಕ್ಕಟ್ಟು, ಒಳಗೆ ಗಾಳಿ ಆಡುತ್ತದೋ ಇಲ್ಲವೋ, ಒಂದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಹೇಳುವುದು ನಮ್ಮ ವೃತ್ತಿಯ ರೂಢಿಯೇ ಇರಬಹುದು, ಆದರೆ ಈ ಒಂದು ಚೌಕ ನನ್ನನ್ನು ಚುಚ್ಚುತ್ತಲೇ ಇತ್ತು. ನಿವೃತ್ತಿಯಾದ ಮೇಲೆ ಗಂಡನ ಹತ್ತಿರ ನಾನು ಕೇಳಿದ್ದು ಇಷ್ಟೇ. ಬಂಗಾರ ಬೇಡ, ಕಾಶಿ ಬೇಡ, ಆ ಕೋಣೆಯೊಳಗೆ ಐದು ನಿಮಿಷ ನಿಂತು ಬರಬೇಕು.

ನಮ್ಮವರ ಹೆಸರು ಅಪ್ಪಾಸಾಹೇಬ. ಹರೆಯದಲ್ಲಿ ಚಕ್ಕಡಿಯ ಮೇಲೆ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಸಾಗಿಸಿದವರು, ಈಗ ಅರವತ್ತಾರು ವರ್ಷ. ಮಾತು ಕಮ್ಮಿ. ಮದುವೆ ಮನೆಯಲ್ಲಿ ಮೈಕು ಕಂಡರೆ ಹಿಂದಿನ ಬಾಗಿಲಿನಿಂದ ಹೊರಟುಹೋಗುವ ಜಾತಿ. "ಕಬ್ಬ ಹೋಗಲಿ, ಆಮ್ಯಾಲ ಬರ್ತೀನಿ" ಎಂದಿದ್ದರು. ಫೆಬ್ರವರಿಯಲ್ಲಿ ನಮ್ಮ ಹೊಲದ ಕೊನೆಯ ಕಬ್ಬು ಕಾರ್ಖಾನೆಗೆ ಹೋದ ವಾರವೇ ನಾವು ಒಂದು ಟೂರ್ ಕಂಪನಿಯವರ ಜೊತೆ ವಿಮಾನ ಹತ್ತಿದೆವು.

ಹೋಟೆಲಿನ ತಿಂಡಿ ಮೇಜು

ನಮ್ಮ ಗುಂಪಿನಲ್ಲಿ ಇದ್ದವರೆಲ್ಲ ಗಡಿಯ ಆಚೆ ಈಚೆಯವರೇ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಸಾಂಗ್ಲಿ. ನಮ್ಮನ್ನು ಕರೆದುಕೊಂಡು ಹೋದ ಮ್ಯಾನೇಜರ್ ಪ್ರಮೋದ ಎಂಬುವನು, ನಲವತ್ತರ ಆಸುಪಾಸಿನವ, ಅರ್ಧ ಮರಾಠಿ ಅರ್ಧ ಕನ್ನಡ ಆಡುವವ. ಕೈಯಲ್ಲಿ ಯಾವಾಗಲೂ ಒಂದು ಕಿತ್ತಳೆ ಬಣ್ಣದ ಬಾವುಟ. ಆ ಬಾವುಟ ಎಲ್ಲಿ ಹೋಗುತ್ತದೋ ನಾವು ಅಲ್ಲಿ ಹೋಗಬೇಕು, ಅದು ನಿಂತಲ್ಲಿ ನಿಲ್ಲಬೇಕು. ಮೂವತ್ತೊಂದು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನನಗೆ ಈ ವಯಸ್ಸಿನಲ್ಲಿ ಇದು ಯಾವ ಕರ್ಮ ಎನಿಸುತ್ತಿತ್ತು.

ಆ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಕೆಂಪನೆಯ ಒಂದು ಚಹಾ ಇತ್ತು. ಕುಡಿದು ನೋಡಿದರೆ ಹುಳಿ. ಹೋಟೆಲಿನ ಆಳು ಒಣಗಿದ ಹೂವು ತೋರಿಸಿದ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ನಮ್ಮ ಕಡೆ ಪಲ್ಯೆ ಮಾಡುವ ಪುಂಡಿಯ ಜಾತಿಯದ್ದೇ ಹೂವು. ನಾವು ಸೊಪ್ಪು ತಿಂದು ಹೂವನ್ನು ದನಕ್ಕೆ ಬಿಡುತ್ತೇವೆ, ಇವರು ಹೂವನ್ನು ಕುದಿಸಿ ಗಾಜಿನ ಲೋಟದಲ್ಲಿ ಕೊಟ್ಟು ಮರ್ಯಾದೆ ಮಾಡುತ್ತಾರೆ. ಇದನ್ನು ಪಕ್ಕದಲ್ಲಿ ಕೂತ ಬಾಬಾಸಾಹೇಬರಿಗೆ ಹೇಳಿದೆ. ಬಾಬಾಸಾಹೇಬರು ನಿಪ್ಪಾಣಿಯ ತಂಬಾಕು ವ್ಯಾಪಾರಿ, ದೊಡ್ಡ ಫೋನು, ದೊಡ್ಡ ದನಿ. ಅವರು ಅದನ್ನು ಕುಡಿಯಲಿಲ್ಲ, ಲೋಟದ ಫೋಟೋ ತೆಗೆದರು. ತಾವು ತಂದ ಡಬ್ಬಿಯಿಂದ ಶೇಂಗಾ ಚಟ್ನಿ ಸುರಿದುಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದರು. ಚಟ್ನಿ ತಂದಿದ್ದಕ್ಕೆ ನನ್ನ ತಕರಾರಿಲ್ಲ, ನಾನೂ ತಂದಿದ್ದೆ. ಆದರೆ ಏಳು ಸಮುದ್ರದಾಚೆ ಬಂದು ಇಲ್ಲಿಯವರ ಒಂದು ಗುಟುಕನ್ನೂ ಬಾಯಿಗೆ ಹಾಕಲಾರೆನೆಂದರೆ ಬಂದದ್ದು ಯಾಕೆ?

ಬಸ್ಸಿಗೆ ಹೋದರೆ ಮುಂದಿನ ನಾಲ್ಕು ಸಾಲಿನ ಸೀಟುಗಳ ಮೇಲೆ ಕರ್ಚೀಫು, ಟೋಪಿ, ನೀರಿನ ಬಾಟಲಿ. ತಿಂಡಿಗೆ ಮೊದಲೇ ಬಂದು ಹಾಕಿ ಹೋಗಿದ್ದಾರೆ. ಮಿರಜದ ಸ್ಟ್ಯಾಂಡಿನಲ್ಲಿ ಕಾಗವಾಡ ಬಸ್ಸಿಗೆ ಕಿಟಕಿಯಿಂದ ಟವೆಲ್ಲು ತೂರುವ ಬುದ್ಧಿ ಕೈರೋಕ್ಕೂ ಬಂದಿತ್ತು. ನನ್ನ ಮೊಣಕಾಲು ಎರಡೂ ಸವೆದಿವೆ, ಹಿಂದಿನ ಸೀಟಿಗೆ ಹತ್ತುವುದೆಂದರೆ ಪ್ರಾಣಸಂಕಟ. ಹೇಳಿದರೆ ಪ್ರಮೋದ ನಕ್ಕು, "ಅಕ್ಕೋರ, ಅಡ್ಜಸ್ಟ್ ಮಾಡಕೋರಿ, ನಾಳೆ ಮುಂದ ಕೂಡಸ್ತೀನಿ" ಎಂದ. ಆ ನಾಳೆ ಎಂಟು ದಿನದಲ್ಲಿ ಒಮ್ಮೆಯೂ ಬರಲಿಲ್ಲ.

ಗೇಟಿನ ಒಳಗೆ

ಪಿರಮಿಡ್ಡು ಮರುಭೂಮಿಯ ನಡುವೆ ಒಂಟಿಯಾಗಿ ನಿಂತಿರುತ್ತದೆ ಎಂದು ನಾನು ತಿಳಿದಿದ್ದೆ, ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಸುಳ್ಳು. ಊರು ಅದರ ಕಾಲಬುಡದ ತನಕ ಬಂದಿದೆ. ಬಟ್ಟೆ ಒಣಹಾಕಿದ ಮಾಳಿಗೆಗಳ ಹಿಂದಿನಿಂದ ಅದು ಒಮ್ಮೆಲೇ ಎದ್ದು ಕಂಡಾಗ ಬಸ್ಸಿನಲ್ಲಿ ಎಲ್ಲರೂ ಫೋನು ಹಿಡಿದು ಕಿಟಕಿಗೆ ಬಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತು ಅವರ ಬೆನ್ನು ನೋಡಿದೆ.

ಇಳಿದ ಮೇಲೆ ಮಾತ್ರ ಸರಿಯಾಗಿ ನೋಡಿದೆ. ಒಂದೊಂದು ಕಲ್ಲು ನನ್ನ ಎದೆಯ ಮಟ್ಟಕ್ಕೆ ಇತ್ತು. ಮೇಲೆ ನೋಡುತ್ತ ನೋಡುತ್ತ ಸೆರಗು ಜಾರಿದ್ದೂ ತಿಳಿಯಲಿಲ್ಲ. ನಮ್ಮವರು ಕತ್ತು ಎತ್ತಿ ತುದಿಯ ತನಕ ನೋಡಿ, "ಇಷ್ಟ ಕಲ್ಲ ಹೇರಬೇಕಾದ್ರ ಎತ್ತ ಎಷ್ಟ ಬಿದ್ದಾವೋ ಏನೋ" ಎಂದರು.

"ಮಂದೀನೂ ಎಳದಾರ್ರಿ, ಹಗ್ಗಾ ಕಟ್ಟಿ" ಎಂದೆ ನಾನು, ಪಾಠದ ದನಿಯಲ್ಲಿ.

"ಎಳದಿರಬೇಕು. ಏರ ಐತಿ ನೋಡ, ಎಷ್ಟ ಏರ ಐತಿ."

ಅವರಿಗೆ ಕಂಡದ್ದು ರಾಜನಲ್ಲ, ಗೋಪುರವಲ್ಲ, ಹೇರು ಮತ್ತು ಏರು. ಕಬ್ಬು ಹೇರಿದವರ ಕಣ್ಣು ಅದು.

ನಮ್ಮ ಉಳಿದ ಮಂದಿಗೆ ಏನು ಕಂಡಿತು ಎನ್ನುತ್ತೀರಿ? ಒಂದು ಕಲ್ಲಿನ ಮೇಲೆ ಸಾಲಾಗಿ ನಿಂತು, ಕೈ ಮೇಲೆತ್ತಿ, ಎರಡು ಬೆರಳಿನಿಂದ ಪಿರಮಿಡ್ಡಿನ ತುದಿಯನ್ನು ಚಿವುಟಿದ ಹಾಗೆ ಫೋಟೋ ತೆಗೆಸಿಕೊಳ್ಳುವುದು. ಒಬ್ಬರಾದ ಮೇಲೆ ಒಬ್ಬರು, ಅಜ್ಜಂದಿರೂ ಕೂಡ. ನಾಲ್ಕೂವರೆ ಸಾವಿರ ವರ್ಷ ನಿಂತ ಒಂದು ವಸ್ತುವಿನ ಮುಂದೆ ಮನುಷ್ಯ ಮಾಡಬೇಕಾದ ಕೆಲಸ ಇದೇ? ಅದರ ತುದಿಯನ್ನು ಮೂಗು ಹಿಂಡಿದ ಹಾಗೆ ಹಿಂಡುವುದೇ? ನನ್ನನ್ನೂ ಕರೆದರು. ನಾನು ಹೋಗಲಿಲ್ಲ.

ಅಷ್ಟರಲ್ಲಿ ಪ್ರಮೋದ ಬಾವುಟ ಎತ್ತಿದ. "ಐಕಾ, ಎಲ್ಲಾರೂ ಕೇಳ್ರಿ. ಒಳಗ ಹೋಗೋರ ತಿಕೀಟ ನನ್ನ ಹಂತೇಕ ಅದಾವು. ಹನ್ನೊಂದಕ್ಕ ಸರಿಯಾಗಿ ಮ್ಯಾಲ ಬಾಗಲದಾಗ ಹಾಜರಿ. ಹನ್ನೆರಡಕ್ಕ ಅವರು ಬಂದ್ ಮಾಡ್ತಾರ. ತಡಾ ಮಾಡಿದವ್ರು ಹೊರಗ ಉಳೀತಾರ, ಆಮ್ಯಾಲ ನನ್ನ ಅನಬ್ಯಾಡ್ರಿ. ಒಂದಕ್ಕ ಬಸ್ಸು."

ಆಗ ಹತ್ತೂ ಮೂವತ್ತೈದು. ನನ್ನ ಮೊಣಕಾಲಿಗೆ ಆ ಬಾಗಿಲ ತನಕ ಇಪ್ಪತ್ತು ನಿಮಿಷದ ದಾರಿ. ನಾನು ಶಾಲು ಹೊದ್ದುಕೊಂಡು, ನಮ್ಮವರ ತೋಳು ಹಿಡಿದುಕೊಂಡು ಹೊರಟೆ. ಗಾಳಿ ಚುರುಚುರು ಬೀಸುತ್ತಿತ್ತು.

ಏರು ರಸ್ತೆ

ಈಗ ಅಲ್ಲಿ ಬೇರೆ ವ್ಯವಸ್ಥೆ ಬಂದಿದೆಯಂತೆ, ಪ್ರಾಣಿಗಳನ್ನು ಒಂದು ಬದಿಗೆ ಸರಿಸಿದ್ದಾರಂತೆ. ನಾವು ಹೋದಾಗ ಕುದುರೆಗಾಡಿಗಳು ಏರು ರಸ್ತೆಯ ಮೇಲೆಯೇ ಜನರನ್ನು ಹೊತ್ತು ಓಡಾಡುತ್ತಿದ್ದವು. ಮಿರಜದ ಹಳೇ ಟಾಂಗಾಗಳ ಹಾಗೆ ಎರಡು ಗಾಲಿಯವು. ರಸ್ತೆ ಸವೆದು ಸವೆದು ನುಣ್ಣಗಾಗಿತ್ತು.

ನಮ್ಮನ್ನು ದಾಟಿ ಒಂದು ಟಾಂಗಾ ಮೇಲೆ ಹೋಯಿತು. ಬಡಕಲು ಕಂದು ಕುದುರೆ, ಪಕ್ಕೆಲುಬು ಎಣಿಸುವ ಹಾಗಿತ್ತು. ಹಿಂದೆ ಯಾವ ದೇಶದವರೋ ಮೂವರು ದಪ್ಪ ಪ್ರವಾಸಿಗರು. ಗಾಡಿಯವ ನೆಲಕ್ಕಿಳಿದು ಪಕ್ಕದಲ್ಲಿ ಓಡುತ್ತಿದ್ದ. ನಮ್ಮವರು ನಡೆಯುವುದನ್ನು ನಿಲ್ಲಿಸಿದರು. "ನಾಲ ಸವದಾವು" ಎಂದರು. ಕುದುರೆಯ ಕಾಲಿಗೆ ಹೊಡೆದ ಕಬ್ಬಿಣದ ಲಾಳ ಅಷ್ಟು ದೂರದಿಂದ ಅವರಿಗೆ ಹೇಗೆ ಕಂಡಿತೋ ದೇವರೇ ಬಲ್ಲ. ಅವರು ಬಾಯಿ ಮುಚ್ಚುವುದರೊಳಗೆ ಕುದುರೆಯ ಮುಂಗಾಲು ಜಾರಿ, ಅದು ಮೊಣಕಾಲೂರಿ, ಪಕ್ಕಕ್ಕೆ ಉರುಳಿತು. ಗಾಡಿ ಮುಂದಕ್ಕೆ ಬಾಗಿ, ಅದರ ಎರಡು ಮೂಕಿಗಳು, ಅಂದರೆ ಕುದುರೆಯ ಎರಡೂ ಬದಿಗೆ ಬರುವ ಉದ್ದನೆ ಕೋಲುಗಳು, ಕುದುರೆಯ ಕುತ್ತಿಗೆಯ ಮೇಲೆ ಒರಗಿದವು.

ಹಿಂದೆ ಕೂತ ಮೂವರೂ ಇಳಿದರು. ಇಳಿದವರು ಏನು ಮಾಡಬೇಕು? ಫೋನು ತೆಗೆದರು. ಒಂದು ನಿಮಿಷ ವಿಡಿಯೋ ಮಾಡಿಕೊಂಡು, ಹಿಂದೆ ಬಂದ ಇನ್ನೊಂದು ಗಾಡಿ ಹತ್ತಿ ಹೊರಟುಹೋದರು. ಸುತ್ತ ಜನ ಕೂಡಿತು. ಕೂಡಿದವರ ಕೈಯಲ್ಲೂ ಫೋನೇ. ಗಾಡಿಯವ ಗಾಬರಿಯಾಗಿ ಕೂಗುತ್ತ ಚಾಬೂಕು ತೆಗೆದುಕೊಂಡು ಬಿದ್ದ ಕುದುರೆಗೆ ಬಾರಿಸತೊಡಗಿದ. ಕುದುರೆ ಏಳಲು ನೋಡುತ್ತದೆ, ಮೂಕಿಯ ಭಾರಕ್ಕೆ ತಲೆ ಮೇಲೇಳುವುದಿಲ್ಲ, ಕಾಲು ಜಾರುತ್ತದೆ, ಮತ್ತೆ ಬೀಳುತ್ತದೆ.

ನಾನು ತೋಳು ಹಿಡಿದುಕೊಳ್ಳಲು ಕೈ ಚಾಚಿದರೆ ಪಕ್ಕದಲ್ಲಿ ಗಂಡನಿರಲಿಲ್ಲ.

ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ರಸ್ತೆಯ ಮೇಲೆ ಎತ್ತು ಬಿದ್ದರೆ ಯಾರ ಎತ್ತು ಎಂದು ಯಾರೂ ಕೇಳುವುದಿಲ್ಲ. ಹಿಂದಿನ ಗಾಡಿಯವ ತನ್ನ ಗಾಡಿ ಬಿಟ್ಟು ಓಡಿ ಬರಬೇಕು. ಅವನು ವೈರಿಯಾಗಿರಲಿ, ಮಾತು ಬಿಟ್ಟ ದಾಯಾದಿಯಾಗಿರಲಿ, ಬರಬೇಕು. ಒಬ್ಬ ನೊಗ ಎತ್ತಿ ಹಿಡಿಯಬೇಕು, ಇನ್ನೊಬ್ಬ ಜತ್ತಿಗೆ ಬಿಚ್ಚಬೇಕು. ಜತ್ತಿಗೆ ಎಂದರೆ ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಪಟ್ಟಿ. ಹೊಡೆಯುವುದು, ಬೈಯುವುದು, ತಪ್ಪು ಯಾರದೆಂದು ಹುಡುಕುವುದು, ಎಲ್ಲ ಆಮೇಲೆ. ಬಿದ್ದ ಪ್ರಾಣಿಯನ್ನು ಬಿಚ್ಚದೆ ಅದರ ಪಕ್ಕದಿಂದ ಹಾದುಹೋದವನಿಗೆ ಆ ಹಂಗಾಮಿನಲ್ಲಿ ಯಾರೂ ಬೀಡಿಗೆ ಬೆಂಕಿಯನ್ನೂ ಕೊಡುತ್ತಿರಲಿಲ್ಲವಂತೆ.

ನಾನು ಕುಂಟುತ್ತ ಹತ್ತಿರ ಹೋಗುವಷ್ಟರಲ್ಲಿ ನಮ್ಮವರು ಗಾಡಿಯವನ ಚಾಬೂಕಿನ ಕೈಯನ್ನು ಹಿಡಿದು ನಿಂತಿದ್ದರು. ಅವನು ಅರಬ್ಬಿಯಲ್ಲಿ ಒದರುತ್ತಿದ್ದ. ಇವರು ಸಾವಕಾಶವಾಗಿ ನಮ್ಮ ಭಾಷೆಯಲ್ಲೇ ಹೇಳುತ್ತಿದ್ದರು. "ಹೊಡಿಬ್ಯಾಡೋ ಮಾರಾಯಾ. ಅದಕ್ಕ ಏಳೋ ಮನಸೈತಿ, ಏಳಾಕ ಆಗವಲ್ದು. ತಲೀ ಹಿಡಿ ನೀ, ತಲೀ ಹಿಡಿ." ಕೈಮಾಡಿ ತೋರಿಸಿದ ಮೇಲೆ ಅವನಿಗೆ ತಿಳಿಯಿತು. ಚಾಬೂಕು ಬಿಸಾಕಿ ಕುದುರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ನಮ್ಮವರು ಹೆಗಲ ಮೇಲಿನ ಟವೆಲ್ಲು ತೆಗೆದು ಅದರ ಕಣ್ಣಿನ ಮೇಲೆ ಹೊದಿಸಿದರು.

ಪಟ್ಟಿ ಬಿಚ್ಚಲು ಇವರಿದ್ದರು. ಮೂಕಿ ಎತ್ತಲು ಒಬ್ಬರು ಬೇಕಾಗಿತ್ತು. ನೋಡಿದರೆ ಜನರ ನಡುವೆ ನಮ್ಮ ಬಾಬಾಸಾಹೇಬರೇ ನಿಂತಿದ್ದಾರೆ, ಫೋನು ಮುಂದೆ ಹಿಡಿದುಕೊಂಡು.

"ಬಾಬಾಸಾಹೇಬ್ರ, ಒಂದೀಟ ಕೈ ಹಚ್ಚರಿ" ಎಂದೆ.

"ವಿಡಿಯೋ ನಡದೈತ್ರಿ ಅಕ್ಕೋರ, ಅಲ್ಲಾಡತೈತಿ" ಎಂದರು. ಆಮೇಲೆ ಗಡಿಯಾರ ನೋಡಿಕೊಂಡು, "ಹನ್ನೊಂದ ಆಗಾಕ ಬಂತು, ಪ್ರಮೋದ ಬಾಗಲಾ ಹಾಕತಾನ, ನೀವೂ ಬರ್ರಿ" ಎಂದು ಏರು ಹತ್ತಿ ಹೋಗಿಯೇ ಬಿಟ್ಟರು. ತಂಬಾಕಿನ ಬೇಲು, ಮೂಟೆ ಎತ್ತಿ ಎತ್ತಿ ದೊಡ್ಡವರಾದವರು. ಆ ತೋಳಿಗೆ ಒಂದು ಮೂಕಿ ಎತ್ತುವುದು ಎಷ್ಟರ ಕೆಲಸ?

ಮೇಲೆ, ಬಾಗಿಲಿನ ಹತ್ತಿರ, ಕಿತ್ತಳೆ ಬಾವುಟ ಕಾಣುತ್ತಿತ್ತು.

"ಸುಶೀಲಾ, ಮೂಕಿ ಹಿಡಿ" ಎಂದರು ನಮ್ಮವರು. ಅವರು ನನ್ನ ಕಡೆ ನೋಡಲೂ ಇಲ್ಲ, ಬೆರಳು ಕುದುರೆಯ ಎದೆಯ ಕೆಳಗಿನ ಪಟ್ಟಿಯಲ್ಲಿದ್ದವು.

"ಹನ್ನೊಂದ ಆತ್ರಿ. ಅವರು ಹೊಂಟ್ರು."

"ಮೂಕಿ ಹಿಡಿ."

ಆ ಕ್ಷಣದಲ್ಲಿ ನನಗೆ ಜಗತ್ತಿನ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೂ ಬಂತು. ಇಷ್ಟು ವರ್ಷ ಇವರ ಎಮ್ಮೆ ಈದರೆ ನಾನು ಎದ್ದಿದ್ದೇನೆ, ಇವರ ಕಬ್ಬಿಗೆ ನೀರು ಬಂದರೆ ನಾನು ಬುತ್ತಿ ಕಟ್ಟಿದ್ದೇನೆ. ನನ್ನದೆಂದು ಕೇಳಿದ್ದು ಐದೇ ನಿಮಿಷ. ಅದೂ ಒಂದು ಪರದೇಶದ ಕುದುರೆಯ ಕಾಲಡಿಗೆ ಹೋಗಬೇಕೇ? ಆದರೆ ಕುದುರೆ ಹೊಟ್ಟೆಯೊಳಗಿನಿಂದ ಒಂದು ದನಿ ತೆಗೆಯಿತು. ಆ ದನಿ ಕೇಳಿದ ಮೇಲೆ ಬಾವುಟದ ಹಿಂದೆ ಹೋಗುವ ಕಾಲು ನನ್ನ ಮೈಯಲ್ಲಿ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೂಕಿಯ ಕೆಳಗೆ ಹೆಗಲು ಕೊಟ್ಟೆ.

ಶಾಲಿನ ಮೇಲೆ

ಪಟ್ಟಿಗಳೆಲ್ಲ ಬಿಚ್ಚಿದವು. ನಾನು ಮೂಕಿ ಎತ್ತಿದ್ದು, ನಮ್ಮವರು ಗಾಡಿಯನ್ನು ಹಿಂದಕ್ಕೆ ನೂಕಿದ್ದು, ಗಾಲಿಗೆ ಕಲ್ಲು ಇಟ್ಟದ್ದು ಎಲ್ಲ ಆಯಿತು. ಒಂಟೆಯ ಮೇಲೆ ಕೂತ ಪೊಲೀಸನೊಬ್ಬ ಬಂದು ಜನರನ್ನು ಹಿಂದೆ ಸರಿಸಿದ, ಅಷ್ಟರ ಮಟ್ಟಿಗೆ ಅವನಿಗೆ ಪುಣ್ಯ ಬರಲಿ. ಇನ್ನು ಕುದುರೆಯನ್ನು ಎಬ್ಬಿಸಬೇಕು. ನುಣ್ಣನೆಯ ರಸ್ತೆಯ ಮೇಲೆ ಬಿದ್ದ ಎತ್ತಿನ ಮುಂಗಾಲಿನ ಕೆಳಗೆ ನಮ್ಮ ಕಡೆ ಗೋಣಿತಟ್ಟು ಹಾಸುತ್ತಾರೆ. ಹಿಡಿತ ಸಿಕ್ಕರೆ ಅದು ತಾನೇ ಏಳುತ್ತದೆ.

ಅಲ್ಲಿ ಗೋಣಿತಟ್ಟು ಎಲ್ಲಿಂದ ಬರಬೇಕು? ನಮ್ಮವರು ಅತ್ತ ಇತ್ತ ನೋಡಿ, ನನ್ನ ಕಡೆ ಕೈ ಚಾಚಿ, "ಶಾಲ ಕೊಡ" ಎಂದರು.

"ಇದು ನನ್ನ ನಿವೃತ್ತಿ ಶಾಲರಿ."

"ಗೊತ್ತೈತಿ. ಕೊಡ."

ಅದು ಕೊನೆಯ ದಿನ ಊರವರು ಕುರ್ಚಿಯ ಮೇಲೆ ಕೂಡಿಸಿ ಹೊದಿಸಿದ ಶಾಲು. ಕುಂಕುಮ ಬಣ್ಣ, ಜರಿಯ ಅಂಚು. ಮನೆಯಲ್ಲಿ ಕಪಾಟಿನಿಂದ ಹೊರಗೆ ತೆಗೆಯದ್ದನ್ನು ರಾಜನ ಕೋಣೆಗೆ ಹೊದ್ದುಕೊಂಡು ಹೋಗಬೇಕೆಂದೇ ತಂದಿದ್ದೆ. ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ಬಾಟಲಿಯ ನೀರು ಸುರಿದು ತೋಯಿಸಿ, ಕುದುರೆಯ ಮುಂಗಾಲಿನ ಕೆಳಗೆ ತುರುಕಿದರು.

ಗಾಡಿಯವ ಲಗಾಮು ಹಿಡಿದ, ನಮ್ಮವರು ಭುಜ ಕೊಟ್ಟರು, ನಾನು ಹಿಂದಿನಿಂದ "ಹೂಂ, ಏಳವ್ವಾ, ಏಳ" ಎಂದೆ. ಅದು ಹೆಣ್ಣೋ ಗಂಡೋ ನಾನು ನೋಡಿರಲಿಲ್ಲ. ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ಶಾಲಿನ ಮೇಲೆ ಗೊರಸು ಊರಿ, ನಡುಗಿ, ಒಂದೇ ಏಟಿಗೆ ಎದ್ದು ನಿಂತಿತು. ಶಾಲಿನ ಜರಿ ಅಂಚು ಹರಿದುಹೋಗಿತ್ತು. ಕುದುರೆಯ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ನಮ್ಮವರು ಅದರ ಕಾಲನ್ನು ಮೇಲಿನಿಂದ ಕೆಳಗಿನ ತನಕ ಹಿಚುಕಿ ನೋಡಿ, "ಎಲವು ಚಲೋ ಐತಿ, ಮುರದಿಲ್ಲ" ಎಂದರು.

ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಅದು ನನ್ನ ಹೊಟ್ಟೆಗೆ ಇನ್ನೂ ಬೆಂಕಿ ಹಾಕಿತು. ಅಷ್ಟು ಹೊತ್ತು ಕೈ ಖಾಲಿ ಇರಲಿಲ್ಲವಂತೆ, ಚಪ್ಪಾಳೆಗೆ ಮಾತ್ರ ಎರಡೂ ಕೈ ಖಾಲಿಯಾದವು.

ಹನ್ನೊಂದೂ ಇಪ್ಪತ್ತು ಆಗಿತ್ತು. ಮೇಲೆ ಬಾಗಿಲಿನ ಹತ್ತಿರ ಬಾವುಟ ಇರಲಿಲ್ಲ. ನನ್ನ ತಿಕೀಟು ಪ್ರಮೋದನ ಕಿಸೆಯಲ್ಲಿ ಪಿರಮಿಡ್ಡಿನ ಒಳಗೆ ಹೋಗಿತ್ತು.

ಇಳಿಜಾರು

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಕುದುರೆಗೆ ಗಾಡಿ ಎಳೆಯಲು ಆಗುವುದಿಲ್ಲ. ರಸ್ತೆಯ ನಡುವೆ ಗಾಡಿ ಬಿಡುವ ಹಾಗಿಲ್ಲ, ಹಿಂದೆ ಬೇರೆ ಗಾಡಿಗಳ ಸಾಲು ನಿಂತಿದೆ. ಗಾಡಿಯವ ಒಬ್ಬನೇ. ಅವನು ತನ್ನ ಎದೆ ಮುಟ್ಟಿಕೊಂಡು "ಸಯೀದ್" ಎಂದು ಹೆಸರು ಹೇಳಿದ, ಕೆಳಗೆ ದೂರದಲ್ಲಿ ಕುದುರೆಗಳನ್ನು ಕಟ್ಟುವ ನೆರಳಿನ ಜಾಗ ತೋರಿಸಿದ. ನಮ್ಮವರು ಎರಡು ಮೂಕಿಗಳ ನಡುವೆ ಹೋಗಿ ನಿಂತು ಗಾಡಿಯನ್ನು ಎತ್ತಿ ಹಿಡಿದರು.

"ರೀ, ನಿಮ್ಮ ವಯಸ್ಸೇನು, ನೀವ ಮಾಡಾಕತ್ತಿದ್ದೇನು?" ಎಂದೆ.

"ಇಳುಕಲ ಐತಿ. ಭಾರ ಇಲ್ಲ" ಎಂದರು.

ಹೀಗೆ ಜಗತ್ತಿನ ದೊಡ್ಡ ವಿಸ್ಮಯದ ಮುಂದೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕುಂಟುವ ಕುದುರೆಯನ್ನು ಹಿಡಿದ ಸಯೀದ, ನಡುವೆ ಧೋತರ ಉಟ್ಟು ಟಾಂಗಾ ಎಳೆಯುವ ನಮ್ಮವರು, ಹಿಂದೆ ಗಾಡಿಯ ತುದಿ ಹಿಡಿದು ಕುಂಟುವ ನಾನು. ದಾರಿಯುದ್ದಕ್ಕೂ ಜನ ನಮ್ಮ ಫೋಟೋ ತೆಗೆದರು. ಒಬ್ಬಳಂತೂ ನಮ್ಮವರ ಪಕ್ಕಕ್ಕೆ ಬಂದು ನಿಂತು, ಬೆರಳೆತ್ತಿ, ನಕ್ಕು ತೆಗೆಸಿಕೊಂಡಳು. ನಾನು ಅವಳಿಗೆ ಶುದ್ಧ ಕನ್ನಡದಲ್ಲಿ ನಾಲ್ಕು ಮಾತು ಹೇಳಿದೆ. ಅವಳು ಥ್ಯಾಂಕ್ಯೂ ಎಂದಳು.

ಸಯೀದನನ್ನೂ ಬೈಯುತ್ತಲೇ ಇದ್ದೆ. ಕುದುರೆಗೆ ಹೊಟ್ಟೆಗೆ ಹಾಕದವ, ನಾಲ ಕಟ್ಟಿಸದವ, ಬಿದ್ದದ್ದಕ್ಕೆ ಹೊಡೆಯುವವ ಎಂದೆಲ್ಲ ಬೈದೆ. ನಮ್ಮವರು ಮೂಕಿಗಳ ನಡುವಿನಿಂದಲೇ ಹೇಳಿದರು. "ಅವನ್ನ ಬೈಬ್ಯಾಡ. ಅಂಜಿಕೀಗೆ ಹೊಡದಾನ. ನಮ್ಮ ಹಂಡ್ಯಾ ಬಿದ್ದಾಗ ನಾನೂ ಹಿಂಗ ಹೊಡದಿದ್ನಿ. ಹಿಂದಿನ ಗಾಡ್ಯಾಂವ ಬಂದು ನನ್ನ ಕೈ ಹಿಡದ."

ಹಂಡ್ಯಾ ಎಂಬುದು ನಾನು ಮದುವೆಯಾಗಿ ಬರುವ ಮೊದಲೇ ಸತ್ತ ಎತ್ತು. ಇಷ್ಟು ವರ್ಷದಲ್ಲಿ ಅದರ ಹೆಸರು ನೂರು ಸಲ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ನಾನು ಬೈಯುವುದು ಬಿಟ್ಟು ಗಾಡಿಯನ್ನು ಹಿಂದಿನಿಂದ ಜಗ್ಗಿ ಹಿಡಿದೆ.

ನೆರಳಿಗೆ ಮುಟ್ಟಿದ ಮೇಲೆ ಕುದುರೆಗೆ ನೀರು ಕುಡಿಸಿದರು, ಗಾಯ ತೊಳೆದರು. ನಮ್ಮವರು ಟವೆಲ್ಲು ಹರಿದು ಮೊಣಕಾಲಿಗೆ ಕಟ್ಟಿದರು. ಇವರಿಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಅರ್ಧ ತಾಸು ಮಾತಾಡಿದರು. ಸವೆದ ನಾಲ ಕಿತ್ತು ತೋರಿಸಿ ಇವರು ಗದರಿದರು, ಅವನು ತಲೆ ತಗ್ಗಿಸಿ ಹೂಂಗುಟ್ಟಿದ. ಹೊರಡುವಾಗ ಸಯೀದ ನನ್ನ ಹರಿದ ಶಾಲನ್ನು ಒಗೆದು ಹಿಂಡಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ನಾನು ಅದನ್ನು ಕುದುರೆಯ ಬೆನ್ನ ಮೇಲೆ ಹಾಕಿ ಬಂದೆ. ಉದಾರತನ ಎಂದು ತಿಳಿಯಬೇಡಿ, ಒದ್ದೆ ಶಾಲು ಹೊತ್ತು ನಡೆಯುವ ಶಕ್ತಿ ನನಗೆ ಉಳಿದಿರಲಿಲ್ಲ.

ಬಸ್ಸು

ಬಸ್ಸು ಹತ್ತಿದಾಗ ಒಂದೂ ನಲವತ್ತು. ನಲವತ್ತು ನಿಮಿಷ ತಡ ಮಾಡಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಎಲ್ಲ ಕಡೆಯಿಂದ ಮಾತು ಶುರುವಾಯಿತು. ಅತ್ತರದ ಕಾರ್ಖಾನೆಯಲ್ಲಿ ಒಂದು ತಾಸು ಇತ್ತಂತೆ, ಈಗ ಇಪ್ಪತ್ತು ನಿಮಿಷವೂ ಸಿಗುವುದಿಲ್ಲವಂತೆ. ಊಟದ ಹೋಟೆಲಿನಲ್ಲಿ ಅನ್ನ ಆರಿರುತ್ತದಂತೆ. ಸಾಂಗ್ಲಿಯ ಒಬ್ಬಾಕೆ ಮರಾಠಿಯಲ್ಲಿ, ಇಂಥವರನ್ನು ಪರದೇಶಕ್ಕೆ ಕರೆದುಕೊಂಡು ಬರಬಾರದು ಎಂದಳು. ಬಾಬಾಸಾಹೇಬರು ಆಗಲೇ ಗುಂಪಿನ ವಾಟ್ಸಾಪಿಗೆ ವಿಡಿಯೋ ಹಾಕಿಯಾಗಿತ್ತು. "ಅಪ್ಪಾಸಾಹೇಬ ಕಾಕಾ ಇಜಿಪ್ತದಾಗ ಕುದರಿ ಕಾಯಾಕ ಹೋಗ್ಯಾರ" ಎಂದು ಕೆಳಗೆ ಬರೆದು ನಗುವ ಮುಖಗಳ ಒಂದು ಸಾಲು ಇಟ್ಟಿದ್ದರು. ನನ್ನ ಫೋನಿಗೂ ಅದು ಬಂದಿತ್ತು.

ಅಂತೂ ಪಿರಮಿಡ್ಡಿನ ಒಳಗೆ ಹೇಗಿತ್ತು ಎಂದು ನಾನು ಮುಂದಿನ ಸೀಟಿನವಳನ್ನು ಕೇಳಿದೆ. ಕೇಳದೆ ಇರಲಾಗಲಿಲ್ಲ. "ಏನಿಲ್ರಿ, ಒಂದು ಖಾಲಿ ಖೋಲಿ, ಒಂದು ಕಲ್ಲಿನ ಪೆಟಿಗಿ, ಬರೇ ಕುದಿ" ಎಂದಳು. ಬರೇ ಕುದಿಯಂತೆ, ಸೆಕೆಯಂತೆ! ಮೂವತ್ತೊಂದು ವರ್ಷದ ನನ್ನ ಚೌಕವನ್ನು ಅವಳು ಮೂರು ಮಾತಿನಲ್ಲಿ ಮುಗಿಸಿ ಚಕ್ಕುಲಿಯ ಡಬ್ಬಿ ತೆರೆದಳು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ನಾಚಿಕೆ ಯಾಕೆ, ಅತ್ತೆ.

ಪ್ರಮೋದ ಮೈಕು ಹಿಡಿದುಕೊಂಡು ನಮ್ಮ ಸೀಟಿನ ತನಕ ಬಂದ. ದನಿ ಸಣ್ಣದು ಮಾಡಿ, "ಕಾಕಾ, ಎಲ್ಲಾರ ವ್ಯಾಳೆ ವಾಯಾ ಹೋತು. ಮಂದಿ ಚಿಡದಾರ. ಮುಂದ ಬಂದು ಎರಡ ಶಬ್ದ ಹೇಳ್ರಿ, ತಪ್ಪಾತು, ಮಾಫಿ ಮಾಡ್ರಿ ಅಂತ. ವಿಷಯ ಸಂಪಲಾ, ಮುಗೀತು" ಎಂದ.

ನನ್ನ ಸಿಟ್ಟು ನೆತ್ತಿಗೇರಿತು. "ಯಾರ ತಪ್ಪರಿ? ಮೊದಲ ನನ್ನ ತಿಕೀಟ ಕೊಡ್ರಿ ಇಲ್ಲಿ, ಆಮ್ಯಾಲ ಮಾಫಿ ಮಾತಾಡೋಣ" ಎಂದು ಎದ್ದೆ. ಮಾಫಿ ಕೇಳುವುದಾದರೆ ಯಾರು ಯಾರನ್ನು ಕೇಳಬೇಕೆಂದು ಒಂದು ಪೂರ್ತಿ ತಾಸಿನ ಪಾಠ ನನ್ನ ಬಾಯಲ್ಲಿ ತಯಾರಿತ್ತು. ನಮ್ಮವರು ನನ್ನ ಕೈ ಹಿಡಿದು ಕೂಡಿಸಿದರು. ತಾವು ಎದ್ದರು. ಮೈಕು ತೆಗೆದುಕೊಂಡು ಸೀಟುಗಳನ್ನು ಹಿಡಿದು ಹಿಡಿದು ಬಸ್ಸಿನ ಮುಂದೆ ಹೋದರು. ಜೀವಮಾನದಲ್ಲಿ ಮೈಕು ಮುಟ್ಟದ ಮನುಷ್ಯ ಮೊದಲ ಸಲ ಅದನ್ನು ಹಿಡಿಯುವುದು ತಪ್ಪಾಯಿತು ಎನ್ನಲಿಕ್ಕೆ, ಅದೂ ಈ ಮಂದಿಯ ಮುಂದೆ.

ಅವರ ಧೋತರದ ಮೇಲೆ ರಕ್ತದ ಕಲೆ ಇತ್ತು, ಎರಡೂ ಅಂಗೈ ಕೆಂಪಗೆ ಉಜ್ಜಿಹೋಗಿದ್ದವು. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದುಕೊಂಡಿದ್ದರು.

"ನಮಸ್ಕಾರ್ರಿ" ಎಂದರು. "ಕುದರಿ ಎದ್ದ ನಿಂತೈತ್ರಿ. ಮುಂದಿನ ಬಲಗಾಲ ಎತ್ತಿ ಇಡತೈತಿ, ಆದ್ರ ಎಲವು ಮುರದಿಲ್ಲ. ಒಂದ ಬಕೀಟ ನೀರ ಕುಡದೈತಿ. ಹೊಟ್ಟು ಹಾಕೇವಿ, ತಿನ್ನಾಕತ್ತಿತ್ತು. ನೀವ ಯಾರೂ ಕೇಳಲಿಲ್ಲ. ಆದ್ರೂ ಬಿದ್ದದ್ದ ನೀವೆಲ್ಲಾ ನೋಡೀರಿ, ಎದ್ದದ್ದ ಹೇಳಬೇಕಲ್ಲರಿ. ಹೇಳೇನಿ."

ಮೈಕನ್ನು ಪ್ರಮೋದನ ಕೈಗೆ ಕೊಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಮಾಫಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಬಸ್ಸಿನಲ್ಲಿ ಮತ್ತೆ ಯಾರೂ ಅದನ್ನು ಕೇಳಲೂ ಇಲ್ಲ.